ಎರಡು ಹೊಳೆಗಳ ನಡುವೆ ರೊಟ್ಟಿಯ ನಾಡು

ರಾಯಚೂರು ಎಂದ ಕೂಡಲೇ ನಿಮಗೆ ಮೊದಲು ನೆನಪಾಗುವುದು ಅಲ್ಲಿನ ಬಿಸಿಲು, ಅಲ್ಲವೇ? ಆಮೇಲೆ ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ. ಮಕ್ಕಳ ಪಾಠದ ಪುಸ್ತಕದಲ್ಲಿ ಇಷ್ಟು ಸಿಗುತ್ತದೆ. ಆದರೆ ಒಂದು ಊರಿನ ಪರಿಚಯ ನಿಜವಾಗಿ ಆಗಬೇಕಾದರೆ ಅಲ್ಲಿನ ಅಡಿಗೆಮನೆಯ ಹೊಸ್ತಿಲು ದಾಟಬೇಕೆಂಬುದು ನಮ್ಮ ಹೆಂಗಸರ ಲೆಕ್ಕ. ಬನ್ನಿ, ಇವತ್ತು ರಾಯಚೂರು, ಮಾನ್ವಿ, ದೇವದುರ್ಗಗಳ ಒಲೆಯ ಮುಂದೆ ಒಂದಿಷ್ಟು ಹೊತ್ತು ಕೂತು ಬರೋಣ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಕರಿ ನೆಲಕ್ಕೆ ಹಿಂದಿನವರು ಎಡೆದೊರೆ ನಾಡು ಎಂದು ಹೆಸರಿಟ್ಟರು. ಇದಕ್ಕಾಗಿ ರಾಜರು ಬಡಿದಾಡಿದ್ದು ಒಂದೆರಡು ಸಲವಲ್ಲ. 1294ರ ಶಾಸನವಿರುವ ರಾಯಚೂರು ಕೋಟೆಯನ್ನು ಕೃಷ್ಣದೇವರಾಯ 1520ರಲ್ಲಿ ಬಿಜಾಪುರದವರಿಂದ ಗೆದ್ದುಕೊಂಡ. ಮುಂದೆ ಈ ಸೀಮೆ ಹೈದರಾಬಾದಿನ ನಿಜಾಮರ ಕೈಯಲ್ಲಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಕನ್ನಡನಾಡಿನ ಉಳಿದ ಭಾಗದೊಡನೆ ಸೇರಿತು. ಅದಕ್ಕೇ ನೋಡಿ, ಇಲ್ಲಿನ ಸಂತೆಯಲ್ಲಿ ಒಂದೇ ಸೊಪ್ಪಿಗೆ ಮೂರು ಹೆಸರು. ನಮಗೆ ಪುಂಡಿ, ತೆಲುಗಿನವರಿಗೆ ಗೋಂಗೂರ, ಉರ್ದು ಮಾತಾಡುವವರಿಗೆ ಅಂಬಾಡ. ಹೆಸರು ಏನೇ ಇರಲಿ, ಹುಳಿ ಮಾತ್ರ ಒಂದೇ!

ರೊಟ್ಟಿ ಎಂಬ ವಿದ್ಯೆ

ಹಿಂಗಾರಿನಲ್ಲಿ ಬಿತ್ತಿದ ಬಿಳಿಜೋಳ ಇಲ್ಲಿಯ ಜೀವ. ಮಾಲದಂಡಿ ಜೋಳವಾದರೆ ರೊಟ್ಟಿ ಬೆಳ್ಳಗೆ, ಮೆತ್ತಗೆ ಬರುತ್ತದೆಂದು ಹಿರಿಯರು ಹುಡುಕಿ ತರುತ್ತಾರೆ. ಗೋದಿಗಿರುವ ಜಿಗುಟು ಜೋಳಕ್ಕಿಲ್ಲ. ತಣ್ಣೀರು ಹಾಕಿ ಕಲಸಿ ಚಪಾತಿಯ ಹಾಗೆ ಲಟ್ಟಿಸಲು ಹೋದರೆ ಅಂಚು ಬಿರಿದು ಕೈಗೇ ಬರುತ್ತದೆ. ಅದಕ್ಕೇ ಮೊದಲು ಎಸರು ಕುದಿಯಬೇಕು. ಕುದಿ ನೀರು ಬಿದ್ದಾಗ ಹಿಟ್ಟು ತಾನೇ ಜಿಗುಟು ಬಿಡುತ್ತದೆ. ಬಿಸಿ ತಡೆಯುವಷ್ಟು ಆದ ಮೇಲೆ ಅಂಗೈಯಿಂದ ಚೆನ್ನಾಗಿ ನಾದಬೇಕು. ಎಷ್ಟು ನಾದಿದರೆ ಅಷ್ಟು ನಯ. ಒಂದು ಸಲಕ್ಕೆ ಎರಡು ಮೂರು ರೊಟ್ಟಿಯಾಗುವಷ್ಟೇ ನಾದಿಕೊಳ್ಳಿ.

ಉಂಡೆಗೆ ಒಣ ಹಿಟ್ಟು ಸವರಿ, ಹಲಗೆಯ ಮೇಲಿಟ್ಟು ಕೈಯಿಂದ ಬಡಿಯುತ್ತ ತಿರುಗಿಸುತ್ತ ಹೋದರೆ ರೊಟ್ಟಿ ತಾನೇ ಬೆಳೆಯುತ್ತದೆ. ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ನೀರು ಆರುತ್ತಿದ್ದಂತೆ ಮಗುಚಬೇಕು. ಕೊನೆಗೆ ಕೆಂಡಕ್ಕೆ ಒರಗಿಸಿದರೆ ಪುರಿಯಂತೆ ಉಬ್ಬುತ್ತದೆ. ಮುಂಜಾನೆ ಓಣಿಯಲ್ಲಿ ನಡೆದರೆ ಮನೆಮನೆಯಿಂದ ಆ ‘ಟಪ್ ಟಪ್’ ಸದ್ದು. ನನ್ನ ಸೋದರತ್ತೆ ದೇವದುರ್ಗದವರು. ಗೋಡೆಯಾಚೆಯ ಸದ್ದು ಕೇಳಿಯೇ, “ಇವತ್ತು ಆ ಮನ್ಯಾಗ ಸೊಸಿ ಬಡ್ಯಾಕತ್ತ್ಯಾಳ, ಅತ್ತಿ ಅಲ್ಲ” ಎಂದು ಹೇಳಿಬಿಡುತ್ತಿದ್ದರು!

ಅದೇ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿದ ಮೇಲೆ ಒಲೆಯ ಬಿಸಿಗೆ ಒರಗಿಸಿಟ್ಟು ಪೂರ್ತಿ ಒಣಗಿಸಿದರೆ ಕಟಕ ರೊಟ್ಟಿ. ತೇವ ತಾಗದಂತೆ ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ಪುಂಡಿ ಪಲ್ಯ ಮಾಡಿ ನೋಡಿ

ರೊಟ್ಟಿಗೆ ಜೋಡಿ ಪುಂಡಿ ಪಲ್ಯ. ಬೇಕಾಗುವುದು ಇಷ್ಟೇ: ಬಿಡಿಸಿ ತೊಳೆದ ಪುಂಡಿ ಸೊಪ್ಪು 4 ಬಟ್ಟಲು, ತೊಗರಿಬೇಳೆ ಅರ್ಧ ಬಟ್ಟಲು, ಜೋಳದ ನುಚ್ಚು 2 ಚಮಚ, ಹಸಿಮೆಣಸಿನಕಾಯಿ 8, ಬೆಳ್ಳುಳ್ಳಿ 10 ಎಸಳು, ಎಣ್ಣೆ, ಸಾಸಿವೆ, ಜೀರಿಗೆ, ಅರಿಷಿಣ, ಉಪ್ಪು. ಸೊಪ್ಪನ್ನು ಬೇರೆಯಾಗಿ ಒಂದು ಕುದಿ ಕುದಿಸಿ ನೀರು ಬಸಿಯಿರಿ. ಇಲ್ಲದಿದ್ದರೆ ಹುಳಿ ಹಲ್ಲು ಚಳಿಸುತ್ತದೆ. ಬೇಳೆ ಮತ್ತು ನುಚ್ಚು ಮೆತ್ತಗೆ ಬೆಂದ ಮೇಲೆ ಸೊಪ್ಪು, ಮೆಣಸಿನಕಾಯಿ, ಅರಿಷಿಣ, ಉಪ್ಪು ಸೇರಿಸಿ ಕುದಿಸಿ, ಕಡಗೋಲಿನಿಂದ ಮಸೆಯಿರಿ. ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವ ತನಕ ಹುರಿದು ಕೈಬಿಟ್ಟು ಒಗ್ಗರಣೆ ಕೊಡಿ. ಬಿಸಿ ರೊಟ್ಟಿಯ ಮೇಲೆ ಈ ಪಲ್ಯ, ಪಕ್ಕದಲ್ಲಿ ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಒಂದು ಹಸಿ ಉಳ್ಳಾಗಡ್ಡಿ. ಮತ್ತೇನು ಬೇಕು ಹೇಳಿ?

ಸಂಜೆ ಪೇಟೆಗೆ ಹೋದರೆ ಮಂಡಾಳ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ. ನೆಂಟರು ಹೇಳದೆ ಬಂದಾಗ ಮರ್ಯಾದೆ ಉಳಿಸುವುದೂ ಅದೇ.

ಮಾನ್ವಿಯ ಒಂದು ಕಥೆ

ಮಾನ್ವಿಗೆ ಹೋದವರು ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರನ್ನು ನೆನೆಯದೆ ಬರುವುದಿಲ್ಲ. ಅವರ ಬಗ್ಗೆ ಇಲ್ಲಿನ ಅಜ್ಜಿಯರು ಹೇಳುವ ಕಥೆ ಅಡಿಗೆಮನೆಗೂ ಸಂಬಂಧಿಸಿದ್ದು. ದೊಡ್ಡ ಪಂಡಿತರಾಗಿದ್ದ ಕಾಲದಲ್ಲಿ ಅವರು ವಿಜಯದಾಸರ ಊಟದ ಕರೆಯನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪ ನಿಜವಾಗಿ ಹೊಟ್ಟೆಶೂಲೆ ಹತ್ತಿತು. ಕೊನೆಗೆ ಗೋಪಾಲದಾಸರು ದೇವರ ನಾಮ ಜಪಿಸಿ ಕೊಟ್ಟ ಜೋಳದ ರೊಟ್ಟಿ ತಿಂದ ಮೇಲೆ ನೋವು ಹೋಯಿತಂತೆ. ಕಥೆಯ ಭಕ್ತಿ ಭಕ್ತರಿಗಿರಲಿ. ಪಂಡಿತರ ಗರ್ವ ಇಳಿಸಿದ್ದು ಮೃಷ್ಟಾನ್ನವಲ್ಲ, ಬಡವರ ರೊಟ್ಟಿ ಎಂಬುದನ್ನು ನಾವು ನೆನಪಿಡಬೇಕು.

ಹಬ್ಬದೂಟವೂ ಹೊಲದಿಂದಲೇ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಪೈರಿಗೆ ಚರಗ ಚೆಲ್ಲಿ, ಆಮೇಲೆ ಕಡುಬು, ಹೋಳಿಗೆಯ ಬುತ್ತಿ ಬಿಚ್ಚುವುದು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಮೊಹರಮ್ಮಿಗೆ ಗೋದಿ, ಬೆಲ್ಲದ ಚೊಂಗೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಆ ಹಬ್ಬಕ್ಕೆ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಸೇರುತ್ತಾರೆ.

ಗಂಟಿನಲ್ಲಿ ಕಟ್ಟಿದ ಮನೆ

ಆದರೆ ಹಬ್ಬದ ಮಾತಷ್ಟೇ ಹೇಳಿದರೆ ಈ ನಾಡಿನ ಅರ್ಧ ಕಥೆ ಹೇಳಿದಂತೆ. ಮಳೆ ಕೈಕೊಟ್ಟ ವರ್ಷ ದೇವದುರ್ಗದ ಕಡೆಯ ಎಷ್ಟೋ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆಗಳಿಗೆ ಗುಳೆ ಹೋಗುತ್ತವೆ. ಕಟ್ಟಡದ ಕೆಲಸ, ಗಾರೆ ಹೊರುವ ಕೆಲಸ. ನಾನು ಚಿಕ್ಕವಳಿದ್ದಾಗ ರಜೆಗೆ ಅತ್ತೆಯ ಮನೆಗೆ ಹೋದರೆ ಇದನ್ನು ಕಣ್ಣಾರೆ ಕಂಡಿದ್ದೇನೆ. ಹೊರಡುವ ಹಿಂದಿನ ರಾತ್ರಿ ಆ ಮನೆಯ ಒಲೆ ಆರುತ್ತಿರಲಿಲ್ಲ. ಕಟಕ ರೊಟ್ಟಿಯ ರಾಶಿ, ಹಿಂಡಿಯ ಗಂಟು, ಕೆಂಪು ಖಾರದ ಡಬ್ಬಿ. ಹೊಸ ಊರಿನಲ್ಲಿ ಕೂಲಿ ಕೈಗೆ ಬರುವ ತನಕ ಮಕ್ಕಳ ಹೊಟ್ಟೆ ಕಾಯುವುದು ಅದೇ.

ಅತ್ತೆ ತಮ್ಮ ಮನೆಯಿಂದಲೂ ಹತ್ತು ರೊಟ್ಟಿ ಮಾಡಿ ಕೊಟ್ಟು ಬರುತ್ತಿದ್ದರು. ನಾನು “ಅವರ ಹತ್ರ ಅಷ್ಟೊಂದು ಐತಲ್ಲ ಅತ್ತಿ?” ಎಂದು ಕೇಳಿದೆ. “ಹೊಟ್ಟಿಗಲ್ಲ ಯವ್ವಾ, ಊರಾಗ ನಮ್ಮವರು ಅದಾರ ಅಂತ ನೆನಪಿಗೆ” ಎಂದರು. ಹೊಸ್ತಿಲಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತ ಒಂದು ಮಗು ಊರಲ್ಲೇ ಉಳಿಯುತ್ತಿತ್ತು. ತಾಯಿ ಗಂಟಿನಿಂದ ಒಂದು ರೊಟ್ಟಿ ತೆಗೆದು ಅದರ ಕೈಗೆ ಕೊಟ್ಟು, ತಿರುಗಿ ನೋಡದೆ ಬಸ್ಸಿನ ಕಡೆ ನಡೆದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗುಳೆ ಇಂದಿಗೂ ನಿಂತಿಲ್ಲ.

ಇನ್ನೊಂದು ಕಡೆ ನೀರು ಬಂದ ಊರುಗಳ ಕಥೆಯೇ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿದ ಮೇಲೆ ಸಿಂಧನೂರು, ಮಾನ್ವಿ, ರಾಯಚೂರಿನ ಹೊಲಗಳು ಗದ್ದೆಗಳಾದವು, ಅಕ್ಕಿ ಗಿರಣಿಗಳೆದ್ದವು. ಹಬ್ಬಕ್ಕೊಮ್ಮೆ ಕಾಣುತ್ತಿದ್ದ ಅನ್ನ ದಿನದ ಊಟವಾಯಿತು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಗೂ ಅಕ್ಕಿ ತಲುಪಿತು. ಹಸಿವು ಕಂಡವರು ಇದನ್ನು ಹೀಗಳೆಯುವುದಿಲ್ಲ, ನಾನೂ ಹೀಗಳೆಯುವುದಿಲ್ಲ. ಆದರೆ ಕುಕ್ಕರು ಮೂರು ಸೀಟಿ ಹೊಡೆದರೆ ಊಟ ಸಿದ್ಧವಾಗುವ ಮನೆಯಲ್ಲಿ ರೊಟ್ಟಿ ಬಡಿಯುವ ಕೈ ಎಲ್ಲಿಂದ ಬರಬೇಕು? ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣದವರಿಗೆ ಜೋಳದ ಮಹಿಮೆ ತಿಳಿಯಿತು. ಮನೆಯಲ್ಲೇ ರೊಟ್ಟಿ ಮಾಡಿ ಕಟ್ಟು ಕಟ್ಟಿ ಮಾರಿ ಮಕ್ಕಳನ್ನು ಓದಿಸುತ್ತಿರುವ ಹೆಂಗಸರೂ ಇಂದು ಇದ್ದಾರೆ. ಬಡತನದ ಗುರುತಾಗಿದ್ದ ವಿದ್ಯೆಯೇ ಸಂಪಾದನೆಯ ದಾರಿಯಾಗಿದೆ.

ಆದ್ದರಿಂದ ಓದುಗ ಸೋದರಿಯರೇ, ನಿಮ್ಮ ಮನೆಯಲ್ಲಿ ಅತ್ತೆಯೋ ಅವ್ವನೋ ಇನ್ನೂ ರೊಟ್ಟಿ ಬಡಿಯುತ್ತಿದ್ದರೆ, ಒಂದು ಭಾನುವಾರ ಮಗಳನ್ನೂ ಮಗನನ್ನೂ ಅವರ ಪಕ್ಕ ಕೂಡ್ರಿಸಿ. ಎಸರಿನ ಹದ ಪುಸ್ತಕದಲ್ಲಿ ಸಿಗುವುದಿಲ್ಲ, ಕೈಗೇ ತಿಳಿಯಬೇಕು. ಮೊದಲ ರೊಟ್ಟಿ ಹರಿಯುತ್ತದೆ, ಎರಡನೆಯದು ಸೊಟ್ಟಗಾಗುತ್ತದೆ. ಹರಿದದ್ದನ್ನು ಮಜ್ಜಿಗೆಗೆ ಮುರಿದು ಹಾಕಿ, ಉಪ್ಪು, ಉಳ್ಳಾಗಡ್ಡಿ ಬೆರೆಸಿ ತಿನ್ನಿ; ಅದೂ ರುಚಿಯೇ. ಮೂರನೆಯದು ಉಬ್ಬಿದಾಗ ಮಕ್ಕಳ ಮುಖ ನೋಡಿ!