ಎಂಟು ಕಂಪ್ಯೂಟರು, ಒಂದು ಪೆನ್‌ಡ್ರೈವ್

ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಸಲ ಪರೀಕ್ಷಿಸಿದ್ದೆ. ಮೂರೂ ಸಲ ಒಂದು ನಿಮಿಷದೊಳಗೆ ಲಿನಕ್ಸ್ ಎದ್ದು ಕೂತಿತ್ತು. ಆ ಧೈರ್ಯದ ಮೇಲೆ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ನಾನು ಓದಿದ ಹೈಸ್ಕೂಲಿಗೆ ಹೋದೆ.

ಅಲ್ಲಿ ಎಂಟು ಹಳೆಯ ಕಂಪ್ಯೂಟರುಗಳು ಬಟ್ಟೆ ಹೊದ್ದು ಕೂತಿದ್ದವು. ಕೆಲವಕ್ಕೆ ಹಾರ್ಡ್‌ಡಿಸ್ಕ್ ಹೋಗಿತ್ತು, ಕೆಲವಕ್ಕೆ ವೈರಸ್ ಹೊಕ್ಕಿತ್ತು. ಮುಂದಿನ ವಾರ ಎಲ್ಲವೂ ಗುಜರಿಗೆ. “ಒಂದು ದಿನ ಕೊಡಿ ಸರ್” ಎಂದು ಗಣಿತದ ಮೇಷ್ಟ್ರನ್ನು ಕೇಳಿಕೊಂಡಿದ್ದೆ. ಅವರು ಒಂಬತ್ತನೇ ಕ್ಲಾಸಿನ ಮಕ್ಕಳನ್ನೇ ಕರೆತಂದು ಕೂರಿಸಿದರು.

ಲೈವ್ ಇಮೇಜ್ ಅಂದರೆ ಹಾರ್ಡ್‌ಡಿಸ್ಕಿನ ಹಂಗಿಲ್ಲದೆ ನಡೆಯುವ ವ್ಯವಸ್ಥೆ. ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್, ಒಂದು ಸಿಡಿಯಿಂದಲೇ ಇಡೀ ಲಿನಕ್ಸ್ ನಡೆಸಬಹುದೆಂದು ಬಹಳ ಜನರಿಗೆ ತೋರಿಸಿಕೊಟ್ಟಿತು. ಇದನ್ನೆಲ್ಲ ಮಕ್ಕಳಿಗೆ ಹೇಳಿ, ಮೊದಲ ಯಂತ್ರ ಆನ್ ಮಾಡಿದೆ. ಪರದೆ ಕಪ್ಪಾಗಿ ನಿಂತುಬಿಟ್ಟಿತು. ಎರಡನೆಯದು ಪೆನ್‌ಡ್ರೈವನ್ನು ಗುರುತಿಸಲೇ ಇಲ್ಲ. ಮೂರನೆಯದು ಅರ್ಧ ಎದ್ದು, ಲೈವ್ ಕಡತವ್ಯವಸ್ಥೆ ಸಿಗುತ್ತಿಲ್ಲ ಎಂದಿತು. ಮಕ್ಕಳು ಕಿಸಕ್ಕೆಂದರು.

ಮೇಷ್ಟ್ರು ಮಾತ್ರ ನಗಲಿಲ್ಲ. “ಒಂದು ಉದಾಹರಣೆ ಇಟ್ಕೊಂಡು ಪ್ರಮೇಯ ಸಾಧಿಸಿದೆ ಅಂದ್ಕೊಂಡ್ಯೇನೋ?” ಅಂದರು. ಹದಿನೈದು ವರ್ಷದ ಹಿಂದೆ ಬೋರ್ಡಿನ ಮುಂದೆ ನಿಂತಾಗಿನ ಹಾಗೇ ಕಿವಿ ಬಿಸಿಯಾಯಿತು.

ಒಂದು ನೋಟ್‌ಬುಕ್ ತರಿಸಿ ಗೆರೆ ಎಳೆದೆ: ಯಂತ್ರ, ಎಲ್ಲಿ ನಿಂತಿತು, ಏನು ಬದಲಿಸಿದೆವು, ಏನಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲನೆಯದರ ಬೂಟ್ ಮೆನುವಿನಲ್ಲಿ ‘ನೋಮೋಡ್‌ಸೆಟ್’ ಎಂಬ ಪದ ಸೇರಿಸಿದಾಗ ಪರದೆ ಬೆಳಗಿತು; ತಕರಾರು ಗ್ರಾಫಿಕ್ಸ್‌ನದಾಗಿತ್ತು. ಎರಡನೆಯದರ ತಪ್ಪು ನನ್ನದೇ. ಹಳೆಯ ಬಯಾಸ್ ಪೆನ್‌ಡ್ರೈವಿನ ಮೊದಲ 512 ಬೈಟ್‌ಗಳನ್ನು ಓದಿ ಮುಂದೆ ಹೋಗುತ್ತದೆ. ಹೊಸ ಯುಇಎಫ್‌ಐ ನಿರ್ದಿಷ್ಟ ಫೋಲ್ಡರಿನಲ್ಲಿ ಒಂದು ಕಡತ ಹುಡುಕುತ್ತದೆ. ನಾನು ಹೊಸದಕ್ಕಷ್ಟೇ ಒಗ್ಗುವಂತೆ ಇಮೇಜ್ ಬರೆದಿದ್ದೆ. ಎರಡಕ್ಕೂ ಆಗುವಂತೆ ಮತ್ತೆ ಬರೆದೆ. ಮೂರನೆಯದಕ್ಕೆ ಹಿಂಬದಿಯ ಯುಎಸ್‌ಬಿ ಕಿಂಡಿ ಸಾಕಾಯಿತು, ಮುಂದಿನದು ಸಡಿಲವಾಗಿತ್ತು. ಐದನೆಯದು ಪ್ಲಗ್ ಕಿತ್ತಾಗಲೆಲ್ಲ ನಾವು ಹೇಳಿಕೊಟ್ಟ ಬೂಟ್ ಕ್ರಮವನ್ನು ಮರೆಯುತ್ತಿತ್ತು. ವಾಚ್ ಅಂಗಡಿಯಿಂದ ನಾಣ್ಯದಂಥ ಬ್ಯಾಟರಿ ತಂದು ಹಾಕಿದೆವು.

ಏಳನೆಯದರಲ್ಲಿದ್ದದ್ದು 32 ಬಿಟ್ ಪ್ರೊಸೆಸರ್. ನನ್ನ 64 ಬಿಟ್ ಇಮೇಜ್ ಅದರಲ್ಲಿ ಏಳುವಂತಿರಲಿಲ್ಲ. ಎಂಟನೆಯದು ಬರೀ ಬೀಪ್ ಎನ್ನುತ್ತಿತ್ತು. ನೋಟ್‌ಬುಕ್ ಹಿಡಿದಿದ್ದ ಹುಡುಗಿ ಕೇಳಿದಳು: “ಅಣ್ಣ, ಆಗ್ಲಿಲ್ಲ ಅನ್ನೋದನ್ನೂ ಬರೀಬೇಕಾ?”

“ಅದನ್ನೇ ಮೊದ್ಲು ಬರಿ” ಅಂದೆ. ಬೆಳಿಗ್ಗೆ ನನ್ನ ಬಳಿ ‘ಆಯಿತು’ ಎಂಬ ಒಂದು ಪದ ಬಿಟ್ಟರೆ ಏನೂ ಇರಲಿಲ್ಲ. ಯಾವ ಯಂತ್ರದಲ್ಲಿ, ಯಾವ ಕಿಂಡಿಯಲ್ಲಿ, ಹೇಗೆ ಬರೆದ ಇಮೇಜಿನಿಂದ ಎಂದು ಹೇಳದ ಆ ಪದವನ್ನು ನಂಬಿ ನಾನು ಇಡೀ ತರಗತಿಯನ್ನು ಕೂರಿಸಿದ್ದೆ.

ಸಂಜೆ ಮೇಷ್ಟ್ರು ಗುಜರಿಯ ಪಟ್ಟಿ ತೆಗೆದು, ಎಂಟು ಎಂಬಲ್ಲಿ ಗೀಟು ಎಳೆದು ಎರಡು ಎಂದು ತಿದ್ದಿದರು. ಒಂದು ಗಳಿಗೆ ಯೋಚಿಸಿ, ಏಳನೆಯದನ್ನು ತೋರಿಸಿ ಕೇಳಿದರು: “32 ಬಿಟ್ಟಿನ ಇಮೇಜ್ ಯಾವಾಗ ತರ್ತೀಯಾ?”