ಕುಣಿಯೋ ಮಕ್ಕಳಿಗೆ ಯಾವ ಕನ್ಸೋಲ್?

ಮಕ್ತಲ್‌ನಲ್ಲಿ ನಮ್ಮಕ್ಕನ ಹೆಣ್ಣುಮಕ್ಕಳು ಟಿವಿ ಮುಂದೆ ಕುಣಿಯೋ ಗೇಮ್ ಬೇಕು ಅಂತಿದ್ದಾರೆ. ನಾರಾಯಣಪೇಟೆ, ಗದ್ವಾಲ್ ಕಡೆಯ ಬಂಧುಗಳೂ ಇದನ್ನೇ ಕೇಳಿದರು, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಯಂತ್ರ ಮೈಯ ಯಾವ ಭಾಗವನ್ನು ನೋಡುತ್ತೆ ಅನ್ನೋದೇ ಮುಖ್ಯ. ನಿಂಟೆಂಡೊ ಸ್ವಿಚ್‌ನಲ್ಲಿ ‘ಜಸ್ಟ್ ಡ್ಯಾನ್ಸ್’ ಆಡಿದರೆ ಬಲಗೈಯಲ್ಲಿ ಹಿಡಿದ ಜಾಯ್‌ಕಾನ್ ಅನ್ನೋ ಪುಟ್ಟ ಕಂಟ್ರೋಲರ್ ಹೇಗೆ ಆಡಿತು ಅನ್ನೋದಕ್ಕೆ ಅಂಕ. ಕಾಲು ಸುಮ್ಮನಿದ್ದರೂ ನಡೆಯುತ್ತೆ. ಪಿಎಸ್5ನಲ್ಲಿ ಆ ಕೆಲಸ ಕೈಲಿರೋ ಮೊಬೈಲಿನದು. ಬತುಕಮ್ಮನ ಸುತ್ತ ಬಾಗಿ, ಚಪ್ಪಾಳೆ ತಟ್ಟಿ, ಹೆಜ್ಜೆ ಹಾಕಿ ಬೆಳೆದ ಹುಡುಗಿಯರಿಗೆ ಇಷ್ಟು ಸಾಲದು.

2010ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ಕೈನೆಕ್ಟ್ ಅನ್ನೋ ಕ್ಯಾಮೆರಾ ಬೇರೆ ಥರ. ಇನ್‌ಫ್ರಾರೆಡ್ ಬೆಳಕು ಚೆಲ್ಲಿ ಭುಜ, ಮೊಣಕೈ, ಮಂಡಿ ಹೀಗೆ 20 ಕೀಲು ಗುರುತಿಸುತ್ತೆ. ಕೈಲಿ ಏನೂ ಹಿಡಿಯೋದು ಬೇಡ. ‘ಡ್ಯಾನ್ಸ್ ಸೆಂಟ್ರಲ್’ ಅದಕ್ಕೆಂದೇ ಮಾಡಿದ ಆಟ. ಇಬ್ಬರು ಕುಣಿಯೋಕೆ ಕೈನೆಕ್ಟ್‌ನಿಂದ ಸುಮಾರು 8 ಅಡಿ ದೂರ ಬೇಕು, ನೇರ ಬಿಸಿಲು ಬೀಳಬಾರದು. ನಮ್ಮ ಹಳೇ ಮನೆಗಳ ಪಡಸಾಲೆಗೆ ಹೇಳಿ ಮಾಡಿಸಿದ ಹಾಗಿದೆ.

ಕೈನೆಕ್ಟ್ ತಯಾರಿಕೆ 2017ರಲ್ಲೇ ನಿಂತಿದೆ, ಸೆಕೆಂಡ್ ಹ್ಯಾಂಡೇ ಗತಿ. 360ರ ಆನ್‌ಲೈನ್ ಅಂಗಡಿಯೂ 2024ರ ಜುಲೈನಲ್ಲಿ ಮುಚ್ಚಿತು, ಹಾಗಾಗಿ ಡಿಸ್ಕ್ ಸಮೇತ ತಗೊಳ್ಳಿ. ಹೈದರಾಬಾದಿಗೋ ರಾಯಚೂರಿಗೋ ಹೋದಾಗ ಅಂಗಡಿಯಲ್ಲೇ ಹಚ್ಚಿಸಿ, ಮಕ್ಕಳನ್ನು ಕುಣಿಸಿ ನೋಡಿ. 360ರ ಹಳೇ ದಪ್ಪ ಮಾದರಿಯಾದರೆ ಕೈನೆಕ್ಟ್‌ಗೆ ಬೇರೆ ಪವರ್ ಅಡಾಪ್ಟರ್ ಬೇಕು, ಅದನ್ನು ಕೇಳಿ ಪಡೀರಿ. ವರ್ಷವರ್ಷ ಹೊಸ ಹಾಡು ಬೇಕು ಅನ್ನೋ ಮನೆಯವರು ಮಾತ್ರ ಸ್ವಿಚ್ ಕಡೆ ಹೋಗಿ.