ಕೊರಿಯೆಂತೆಸ್ ಬೀದಿಯ ಫುಗಾಸೆತಾ

ಬ್ಯೂನಸ್ ಐರಿಸ್‌ನವರಿಗೆ ರಾತ್ರಿ ಹತ್ತೆಂದರೆ ಊಟದ ಹೊತ್ತು. ಕೊರಿಯೆಂತೆಸ್ ಬೀದಿಯ ನಾಟಕಮಂದಿರಗಳಿಂದ ಜನ ಹೊರಬೀಳುತ್ತಿದ್ದರು, ಪುಸ್ತಕದಂಗಡಿಗಳಿನ್ನೂ ಬಾಗಿಲು ಹಾಕಿರಲಿಲ್ಲ. ಆ ಗುಂಪಿನ ಜೊತೆ ನಾನೂ ಗ್ವೆರ್ರಿನ್ ಪಿಟ್ಸಾ ಅಂಗಡಿ ಹೊಕ್ಕೆ. ಇಟಲಿಯ ಜಿನೋವಾದಿಂದ ವಲಸೆ ಬಂದವರು 1932ರಲ್ಲಿ ತೆರೆದ ಅಂಗಡಿ. ಒಳಗೆ ಕೂತು ಉಣ್ಣಲು ವಿಶಾಲವಾದ ಹಾಲ್‌ಗಳಿವೆ. ಆದರೆ ಮುಂಭಾಗದ ಗದ್ದಲದಲ್ಲಿ, ಕಟ್ಟೆಗೆ ಮೊಣಕೈ ಊರಿ ನಿಂತು ತಿನ್ನುವ ಸುಖವೇ ಬೇರೆ. ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ಪಡೆದು ಕೌಂಟರಿನವನ ಕೈಗಿತ್ತರೆ, ಸೌದೆ ಒಲೆಯಿಂದ ಆಗತಾನೇ ಇಳಿಸಿದ ತಟ್ಟೆಯಿಂದ ತುಂಡು ಕತ್ತರಿಸಿ ಕೊಡುತ್ತಾನೆ.

ಮಾಂಸ ಮುಟ್ಟದ ನನ್ನಂಥವರಿಗೆ ಆರ್ಜೆಂಟೀನಾದಲ್ಲಿ ಊಟ ಸುಲಭವಲ್ಲ. ಬೀದಿಬೀದಿಗೂ ದನದ ಮಾಂಸ ಕೆಂಡದ ಮೇಲೆ ಬೇಯುತ್ತಿರುತ್ತದೆ. ಅಂಥ ಊರಿನಲ್ಲಿ ಫುಗಾಸೆತಾ ಎಂಬ ಪಿಟ್ಸಾ ಸಿಕ್ಕಿದ್ದು ಪುಣ್ಯ. ಇದಕ್ಕೆ ಟೊಮೆಟೊ ಇಲ್ಲ. ಹಿಟ್ಟಿನ ಎರಡು ಪದರದ ನಡುವೆ ಕೈತುಂಬ ಮೊಜರೆಲ್ಲಾ, ಮೇಲೆ ರಾಶಿ ಈರುಳ್ಳಿ, ಒಂದಿಷ್ಟು ಒರೆಗಾನೊ. ಒಲೆಯ ಕಾವಿಗೆ ಮೇಲಿನ ಈರುಳ್ಳಿ ಎಸಳುಗಳ ಅಂಚು ಕಪ್ಪಗೆ ಸೀದಿರುತ್ತದೆ, ಅಡಿಯವು ಬೆಂದು ಸಿಹಿಯಾಗಿ ಗಿಣ್ಣಿನೊಳಗೆ ಕರಗಿರುತ್ತವೆ. ಚಾಕು ಇಳಿಸಿದ ಕೂಡಲೇ ಗಿಣ್ಣು ತಟ್ಟೆಯ ತುಂಬ ಹರಿಯಿತು. ಒಂದು ತುಂಡಿಗೇ ಹೊಟ್ಟೆ ತುಂಬುತ್ತದೆ. ನಾನು ಎರಡು ತಿಂದೆ.

ಈ ತಿನಿಸಿನ ಮೂಲ ಜಿನೋವಾದವರ ಈರುಳ್ಳಿ ರೊಟ್ಟಿ. ಅದಕ್ಕೆ ಗಿಣ್ಣು ತುಂಬಿಸಿದ ಕೀರ್ತಿ ಬಾಂಕೆರೊ ಎಂಬ ಜಿನೋವಾ ಮೂಲದ ಮನೆತನದ್ದೆನ್ನುತ್ತಾರೆ. ಅವರ ಪಿಟ್ಸಾ ಅಂಗಡಿಯೂ 1932ರದ್ದೇ, ಲಾ ಬೋಕಾ ಬಂದರಿನ ಕೇರಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮುಂದಿನ ಎಂಬತ್ತು ತೊಂಬತ್ತು ವರ್ಷಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಈ ದೇಶಕ್ಕೆ ಹಡಗು ಹತ್ತಿದರು. ತಮ್ಮೂರಲ್ಲಿ ಅಳೆದು ಸುರಿದು ಉಂಡವರಿಗೆ ಪಂಪಾ ಬಯಲಿನ ಗೋಧಿ, ದನಕರು, ಹಾಲು ಕಂಡಾಗ ಏನನ್ನಿಸಿರಬೇಡ! ರೊಟ್ಟಿ ದಪ್ಪವಾಯಿತು, ಗಿಣ್ಣು ಉಕ್ಕಿ ಹರಿಯಿತು. ಇದು ಅಸಲಿ ಇಟಾಲಿಯನ್ ಪಿಟ್ಸಾ ಅಲ್ಲವೆಂದು ಮೂಗು ಮುರಿಯುವವರ ಮಾತು ನಾನು ಒಪ್ಪಲಾರೆ. ಹಸಿವು ಕಂಡ ಜನ ಸಮೃದ್ಧಿಯನ್ನು ಹೀಗಲ್ಲದೆ ಇನ್ನು ಹೇಗೆ ಉಣ್ಣಬೇಕಿತ್ತು?

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ತಮ್ಮ ಪಿಟ್ಸಾದ ಮೇಲೆ ಹಳದಿ ಬಣ್ಣದ ಇನ್ನೊಂದು ತುಂಡನ್ನು ಹೊದಿಸಿಕೊಂಡು, ಎರಡನ್ನೂ ಒಟ್ಟಿಗೆ ಕತ್ತರಿಸಿ ತಿನ್ನುತ್ತಿದ್ದರು. ಅದು ಫೈನಾ. ಕಡಲೆಹಿಟ್ಟಿಗೆ ನೀರು, ಉಪ್ಪು, ಆಲಿವ್ ಎಣ್ಣೆ ಸೇರಿಸಿ, ದೋಸೆ ಹಿಟ್ಟಿಗಿಂತ ನೀರಾಗಿ ಕಲಸಿ, ಕೆಲವು ಗಂಟೆ ಬಿಟ್ಟು, ಅಗಲದ ತಟ್ಟೆಯಲ್ಲಿ ಹೊಯ್ದು ಅದೇ ಒಲೆಯಲ್ಲಿ ಬೇಯಿಸುತ್ತಾರೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಕರಿಮೆಣಸಿನ ಘಾಟು. ಗಿಣ್ಣಿನ ಜಿಡ್ಡಿಗೆ ಕಡಲೆಯ ಒಗರು ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಈ ಜೋಡಿಯನ್ನು ಮೊದಲು ಕಂಡುಕೊಂಡವರಿಗೆ ಕೈಮುಗಿಯಬೇಕು ಅನ್ನಿಸಿತು. ಜೊತೆಗೆ ಮೊಸ್ಕಾತೊ ಎಂಬ ಸಿಹಿ ವೈನ್ ಕುಡಿಯುವುದು ಇಲ್ಲಿನ ಹಳೆಯ ರೂಢಿ.

ತಿಂಗಳ 29ನೇ ತಾರೀಖು ಊರಿನ ಲಕ್ಷ್ಯವೆಲ್ಲ ಆಲೂಗೆಡ್ಡೆ, ಮೈದಾ ಸೇರಿಸಿ ಮಾಡುವ ನ್ಯೋಕಿಯ ಮೇಲೆ. ಸಂಬಳ ಕರಗಿಹೋದ ಹೊತ್ತಿಗೆ ಅಗ್ಗದಲ್ಲಿ ಹೊಟ್ಟೆ ತುಂಬುವ ಅಡುಗೆಯದು. ಅಂದು ತಟ್ಟೆಯ ಕೆಳಗೆ ಒಂದು ನೋಟು ಇಟ್ಟು ಉಂಡರೆ ಬರುವ ತಿಂಗಳು ದುಡ್ಡಿಗೆ ಬರವಿಲ್ಲವೆಂಬ ನಂಬಿಕೆ. ಆ ದಿನ ಸಣ್ಣದೊಂದು ಹೋಟೆಲಿನಲ್ಲಿ ಸುತ್ತಲಿನ ಮೇಜುಗಳಲ್ಲಿ ತಟ್ಟೆಗಳಡಿ ಇಣುಕುವ ನೋಟುಗಳನ್ನು ನೋಡಿ ನಾನೂ ಒಂದಿಟ್ಟೆ. ಬ್ಯೂನಸ್ ಐರಿಸ್‌ಗೆ ಹೋದವರು ನ್ಯೋಕಿಗೆ ಟೊಮೆಟೊ ಸಾಸ್ ಬಿಟ್ಟು ಪೆಸ್ತೊ ಕೇಳಿ. ತುಳಸಿಯ ಬಳಗದ ಬೇಸಿಲ್ ಸೊಪ್ಪನ್ನು ಬೆಳ್ಳುಳ್ಳಿ, ಗಿಣ್ಣಿನ ಜೊತೆ ಅರೆದ ಆ ಹಸಿರು ಚಟ್ನಿಯೂ ಜಿನೋವಾದವರದ್ದೇ.